ಒಲ್ಲೆ ಅಂದ ದಿನ

ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಕೈಗೆ ಕೊಟ್ಟಿದ್ದು ಒಂದು ಟವೆಲ್.

“ಹೆಗಲ ಮ್ಯಾಲೆ ಹಾಕ್ಕೋ. ಸಂಜಿ ತನಕ ಇಳಸಬ್ಯಾಡ” ಅಂದರು ಹಿರಿಯ ಟೀಚರ್. ಸೆಂಟರಿನಲ್ಲಿ 16 ಮಕ್ಕಳಿದ್ದರು. ಐದಾರು ಮಕ್ಕಳಿಗೆ ಬಾಯಿಂದ ಜೊಲ್ಲು ಸೋರುತ್ತಿತ್ತು. ಒಬ್ಬರದು ಒರೆಸಿ ಮುಗಿಸುವುದರೊಳಗೆ ಇನ್ನೊಬ್ಬರದು. ಮಧ್ಯಾಹ್ನದ ಹೊತ್ತಿಗೆ ಹೆಗಲು, ತೋಳು ಎಲ್ಲ ಒದ್ದೆ. ಊಟಕ್ಕೆ ಕೂತರೆ ತುತ್ತು ಗಂಟಲಿಗಿಳಿಯಲಿಲ್ಲ. ನಾಳೆಯಿಂದ ಬರುವುದಿಲ್ಲ ಅಂತ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡೆ.

ಅದು 2015ರ ಜೂನ್ ತಿಂಗಳು. ಬಾಗಲಕೋಟೆಯ ನವನಗರದಲ್ಲಿ ವಿಶೇಷ ಮಕ್ಕಳ ಒಂದು ಡೇ ಕೇರ್ ಸೆಂಟರ್. ನಾನು ಗುಳೇದಗುಡ್ಡದವಳು. ಅಪ್ಪ ಖಣ, ಅಂದರೆ ಕುಪ್ಪಸದ ಬಟ್ಟೆ, ನೇಯುತ್ತಿದ್ದರು. ಪವರ್‌ಲೂಮ್ ಬಟ್ಟೆ ಅಗ್ಗದ ದರಕ್ಕೆ ಬರಲು ಶುರುವಾದ ಮೇಲೆ ನಮ್ಮ ಓಣಿಯಲ್ಲಿ ಕುಣಿಮಗ್ಗಗಳು ಒಂದೊಂದಾಗಿ ನಿಂತವು. ನಮ್ಮ ಮನೆಯದೂ ನಿಂತಿತು. ನನ್ನ ಪಿಯುಸಿ ಆಗಿತ್ತು, ಮುಂದೆ ಓದಿಸುವ ಶಕ್ತಿ ಮನೆಯಲ್ಲಿ ಇರಲಿಲ್ಲ. ಸೆಂಟರಿಗೆ ಸಹಾಯಕಿ ಬೇಕು ಅಂತ ಯಾರೋ ಹೇಳಿದರು, ಹೋದೆ. ಸೇವೆ ಮಾಡಬೇಕು ಅನ್ನುವ ದೊಡ್ಡ ಆಸೆಯೇನೂ ಇರಲಿಲ್ಲ. ಸಂಬಳ ಬೇಕಿತ್ತು, ಅಷ್ಟೇ.

ಮರುದಿನ ಬೆಳಗ್ಗೆ ಬಸ್ ಸ್ಟ್ಯಾಂಡಿಗೆ ಹೋಗಿದ್ದೂ ಟೀಚರಿಗೆ ‘ಬರೋದಿಲ್ಲ’ ಅಂತ ಮುಖಕ್ಕೆ ಮುಖ ಹೇಳಿ ಬರೋಣ ಅಂತ. ಅಲ್ಲಿ ಒಬ್ಬ ತಾಯಿ ನಿಂತಿದ್ದರು, ಪಕ್ಕದಲ್ಲಿ 14 ವರ್ಷದ ಮಗ. ಹಿಂದಿನ ದಿನ ಅವನನ್ನು ಸೆಂಟರಿನಲ್ಲಿ ನೋಡಿದ್ದೆ. ಅವರೂ ಗುಳೇದಗುಡ್ಡದವರೇ ಅಂತ ಗೊತ್ತಿರಲಿಲ್ಲ. ಆ ತಾಯಿ ದಿನಾ ಮಗನನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದು, ಸಂಜೆ ತನಕ ಸೆಂಟರಿನ ಹೊರಗೆ ಬೇವಿನ ಮರದ ಕೆಳಗೆ ಕೂತು, ಮತ್ತೆ ಕರೆದುಕೊಂಡು ಹೋಗುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಅವನ ಕೈಯನ್ನು ನನ್ನ ಕೈಯಲ್ಲಿಟ್ಟರು. “ನೀವು ನಮ್ಮೂರವರೇ ಅಂತ ಗೊತ್ತಾತ್ರಿ ಟೀಚರ್. ಇನ್ನ ನಾ ಹೊಳ್ಳಿ ಹೋಗಿ ನಾಕು ಕಾಸಿನ ಕೆಲಸ ಮಾಡ್ತೀನ್ರಿ.” ಅಷ್ಟು ಹೇಳಿ ಅವರು ತಿರುಗಿ ನಡೆದೇಬಿಟ್ಟರು. ಬಸ್ ಬಂತು. ಕೈ ಬಿಡಲು ಆಗಲಿಲ್ಲ.

ಅವನ ಹೆಸರು ಬರೆಯುವುದಿಲ್ಲ. ನಮ್ಮ ಕಡೆ ಗಂಡು ಹುಡುಗರನ್ನು ತಮ್ಮಾ ಅಂತ ಕರೆಯುವುದು ರೂಢಿ. ಇಲ್ಲೂ ಅವನು ತಮ್ಮನೇ ಆಗಿರಲಿ.

ಒಂದು ಮಾತನ್ನು ಮೊದಲೇ ಬಿಡಿಸಿ ಹೇಳುತ್ತೇನೆ, ಯಾಕಂದರೆ ಜನ ಇದರಲ್ಲಿ ಜಾಸ್ತಿ ಗೊಂದಲ ಮಾಡಿಕೊಳ್ಳುತ್ತಾರೆ. ಅಕ್ಷರ ತಿರುಗುಮುರುಗು ಕಾಣುವ, ಓದಲು ಬರೆಯಲು ಮಾತ್ರ ಕಷ್ಟಪಡುವ, ಉಳಿದದ್ದರಲ್ಲಿ ಚುರುಕಾಗಿರುವ ಮಕ್ಕಳದು ಕಲಿಕಾ ನ್ಯೂನತೆ. ತಮ್ಮನದು ಅದಲ್ಲ. ಅವನದು ಬೌದ್ಧಿಕ ವೈಕಲ್ಯ. ಮಾತು, ನಡೆ, ಉಡುವುದು, ಉಣ್ಣುವುದು, ದುಡ್ಡಿನ ಲೆಕ್ಕ, ರಸ್ತೆ ದಾಟುವುದು, ಎಲ್ಲ ಕಲಿಕೆಯೂ ನಿಧಾನ. ನಾನು ಸೇರಿದಾಗ ಫೈಲುಗಳ ಮೇಲೆ ‘ಬುದ್ಧಿಮಾಂದ್ಯ’ ಅಂತ ಇರುತ್ತಿತ್ತು. 1995ರ ಹಳೆಯ ಕಾಯ್ದೆಯಲ್ಲಿ ಇದ್ದದ್ದು 7 ಬಗೆಯ ಅಂಗವೈಕಲ್ಯ. 2016ರ ಹೊಸ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಆಟಿಸಂ, ಕಲಿಕಾ ನ್ಯೂನತೆ ಎರಡಕ್ಕೂ ಬೇರೆ ಬೇರೆ ಜಾಗ ಸಿಕ್ಕಿತು. ಹಳೆಯ ಹೆಸರು ಕಾಗದದಿಂದ ಹೋಯಿತು. ಓಣಿಯ ಬಾಯಿಂದ ಹೋಗಲು ಇನ್ನೂ ಹೊತ್ತು ಬೇಕು.

ಮೊದಲ ತಿಂಗಳುಗಳಲ್ಲಿ ನಾನು ಎಲ್ಲರಿಗೂ ಎಲ್ಲವನ್ನೂ ಮಾಡಿಕೊಟ್ಟೆ. ಉಣಿಸಿದೆ, ಗುಂಡಿ ಹಾಕಿದೆ, ಚಪ್ಪಲಿ ತೊಡಿಸಿದೆ. ಪ್ರೀತಿ ಅಂದರೆ ಇದೇ ಅಂದುಕೊಂಡಿದ್ದೆ. ಊಟದ ಹೊತ್ತಿಗೆ ತಮ್ಮ ನನ್ನ ಮುಂದೆ ಬಂದು ಕೂತು ಬಾಯಿ ತೆರೆಯುತ್ತಿದ್ದ, ನಾನು ರೊಟ್ಟಿ ಮುರಿದು ಬಾಯಿಗಿಡುತ್ತಿದ್ದೆ. ಒಂದು ದಿನ ಹಿರಿಯ ಟೀಚರ್ ಬಂದು ಪಕ್ಕದಲ್ಲಿ ಕೂತರು. “ನೀ ಅವನ ಕೈ ಆಗಬ್ಯಾಡವ್ವ. ಅವನಿಗೆ ಎರಡು ಕೈ ಅದಾವು” ಅಂದರು. ಆಮೇಲೆ, “ನಿನ್ನ ಕೈ ತೊಡಿ ಕೆಳಗ ಇಟ್ಕೊಂಡು ಕುಂಡ್ರು” ಅಂದರು.

ಹಾಗೇ ಕೂತೆ. ತಮ್ಮ ಬಾಯಿ ತೆರೆದುಕೊಂಡು ಕಾದ. ಒಂದು ನಿಮಿಷ. ಎರಡು ನಿಮಿಷ. ನನ್ನ ಮುಖ ನೋಡಿದ, ರೊಟ್ಟಿ ನೋಡಿದ. ನನಗೆ ಕಣ್ಣೀರು ಬಂತು. ಸುಮ್ನೆ ಕೂರುವುದು ಇಷ್ಟು ಕಷ್ಟದ ಕೆಲಸ ಅಂತ ನನಗೆ ಯಾರೂ ಹೇಳಿರಲಿಲ್ಲ.

ಅವತ್ತು ಅವನು ರೊಟ್ಟಿ ಮುಟ್ಟಲಿಲ್ಲ, ಕೊನೆಗೆ ನಾನೇ ಉಣಿಸಿದೆ. ಆದರೆ ಮರುದಿನದಿಂದ ಟೀಚರ್ ಒಂದು ಉಪಾಯ ಹೇಳಿಕೊಟ್ಟರು. ಬಿಸಿ ರೊಟ್ಟಿ ಹರಿಯಲು ಎರಡು ಕೈ ಒಟ್ಟಿಗೆ ಕೆಲಸ ಮಾಡಬೇಕು. ಒಂದು ಹಿಡಿಯಬೇಕು, ಒಂದು ಎಳೆಯಬೇಕು. ತಮ್ಮನಿಗೆ ಅದು ಆಗುತ್ತಿರಲಿಲ್ಲ. ಖಡಕ್ ರೊಟ್ಟಿ ಹಾಗಲ್ಲ. ಒಂದು ಬೆರಳಿನಿಂದ ಒತ್ತಿದರೆ ಸಾಕು, ಪಟ್ ಅಂತ ಮುರಿಯುತ್ತದೆ. ಟ್ರೇನಿಂಗಿನ ಪುಸ್ತಕದಲ್ಲಿ ಚಮಚದ ಚಿತ್ರ ಇತ್ತು. ನಾವು ಶುರು ಮಾಡಿದ್ದು ಖಡಕ್ ರೊಟ್ಟಿಯಿಂದ. ಆ ಪಟ್ ಅನ್ನುವ ಸದ್ದು ಅವನಿಗೆ ಬಹಳ ಹಿಡಿಸಿತು. ಮೊದಲು ಉಣ್ಣಲು ಅಲ್ಲ, ಸದ್ದು ಕೇಳಲು ಮುರಿದ. ಎಷ್ಟು ಮುರಿದನೋ! ಮುರಿದ ಚೂರನ್ನು ಪಲ್ಯಕ್ಕೆ ಅದ್ದಲು ಇನ್ನೊಂದು ತಿಂಗಳು. ಅದ್ದಿದ್ದನ್ನು ಚೆಲ್ಲದೆ ಬಾಯಿಗೆ ತರಲು ಮತ್ತೆರಡು ತಿಂಗಳು. ಬಿಸಿ ರೊಟ್ಟಿಗೆ ಬಂದಿದ್ದು ಮುಂದಿನ ಯುಗಾದಿ ದಾಟಿದ ಮೇಲೆ.

ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದು ರಿಜಿಸ್ಟರ್ ಇರುತ್ತದೆ. ಪ್ರತಿ ಕೌಶಲದ ಮುಂದೆ ಗುರುತು ಹಾಕಬೇಕು. ಕೈ ಹಿಡಿದು ಮಾಡಿಸಿದರೆ ಪಿಪಿ. ಬಾಯಿಂದ ಹೇಳಿ ಮಾಡಿಸಿದರೆ ವಿಪಿ. ಯಾರೂ ಮುಟ್ಟದೆ, ಯಾರೂ ಹೇಳದೆ ತಾನೇ ಮಾಡಿದರೆ ಒಂದು ಪ್ಲಸ್. ತಮ್ಮನ ಪುಟದಲ್ಲಿ ‘ತಾನೇ ಉಣ್ಣುತ್ತಾನೆ’ ಅನ್ನುವ ಸಾಲಿನ ಮುಂದೆ ಪಿಪಿ, ಪಿಪಿ, ಪಿಪಿ ಅಂತ ತಿಂಗಳುಗಟ್ಟಲೆ ಬರೆದಿದ್ದೆ. ಆಮೇಲೆ ವಿಪಿ. ಒಂದು ಮಧ್ಯಾಹ್ನ ಆ ಪ್ಲಸ್ ಬರೆಯುವಾಗ ನನ್ನ ಪೆನ್ನು ನಡುಗಿತು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗಲೂ ನನಗೆ ಹಾಗೆ ಆಗಿರಲಿಲ್ಲ.

ಈ ಕೆಲಸವನ್ನು ಸರಿಯಾಗಿ ಕಲಿಯಬೇಕು ಅಂತ ಅನ್ನಿಸಿದ್ದು ಆಗಲೇ. ಬೌದ್ಧಿಕ ವೈಕಲ್ಯದ ವಿಶೇಷ ಶಿಕ್ಷಣಕ್ಕೆ ಪಿಯುಸಿ ಆದವರಿಗೆ ಎರಡು ವರ್ಷದ ಡಿ.ಎಡ್ ಇದೆ. ಪಾಸಾದ ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ಆ ನಂಬರ್ ಇದ್ದರೆ ಮಾತ್ರ ವಿಶೇಷ ಶಿಕ್ಷಕಿ ಅನ್ನಿಸಿಕೊಳ್ಳಬಹುದು. ಬೇರೆ ಊರಿನಲ್ಲಿ ಹಾಸ್ಟೆಲಿನಲ್ಲಿದ್ದು ಓದಿದೆ. 2018ರಲ್ಲಿ ಅದೇ ಸೆಂಟರಿಗೆ ವಾಪಸ್ ಬಂದೆ.

ಓದಿನಲ್ಲಿ ಸಿಕ್ಕಿದ್ದು ಬಹಳ. ಅದರಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಬುದ್ಧಿಶಕ್ತಿ ಅಳೆಯುವ ಬಿನೆ–ಕಾಮತ್ ಪರೀಕ್ಷೆಯ ಹೆಸರು ಸರ್ಟಿಫಿಕೇಟುಗಳಲ್ಲಿ ನೋಡುತ್ತಿದ್ದೆ. ಅದು 1930ರ ದಶಕದಲ್ಲಿ ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗಾಗಿಯೇ ವಿ.ವಿ. ಕಾಮತ್ ಅವರು ಹೊಂದಿಸಿದ ಪರೀಕ್ಷೆ ಅಂತ ತಿಳಿದಾಗ ಖುಷಿಯಾಯಿತು, ಎಲ್ಲೋ ದೂರದ್ದು ಅಂದುಕೊಂಡಿದ್ದು ನಮ್ಮ ಭಾಷೆಯದೇ ಆಗಿತ್ತು. ಇನ್ನೊಂದು, ಕೆಲಸವನ್ನು ಒಡೆಯುವ ವಿದ್ಯೆ. ಒಂದು ಟೀ ಶರ್ಟ್ ಹಾಕಿಕೊಳ್ಳುವುದರಲ್ಲಿ ಏಳೆಂಟು ಹೆಜ್ಜೆ ಇವೆ. ನಾವೆಲ್ಲ ಮೊದಲ ಹೆಜ್ಜೆಯಿಂದ ಕಲಿಸಲು ಹೋಗುತ್ತೇವೆ, ಮಗು ಅರ್ಧಕ್ಕೇ ಸೋತು ಕೂರುತ್ತದೆ. ಕೊನೆಯಿಂದ ಕಲಿಸಬೇಕು. ತಲೆ, ತೋಳು ಎಲ್ಲ ನಾವೇ ತೂರಿಸಿ, ಹೊಟ್ಟೆಯ ಮೇಲೆ ಅಂಗಿ ಎಳೆದುಕೊಳ್ಳುವುದನ್ನು ಮಾತ್ರ ಮಗುವಿಗೆ ಬಿಡಬೇಕು. ಅದು ಬಂದ ಮೇಲೆ ಅದರ ಹಿಂದಿನ ಹೆಜ್ಜೆ. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದವರು ಮಗುವೇ ಆಗುತ್ತಾರೆ. ಗೆದ್ದ ರುಚಿ ಮಗುವಿನ ಬಾಯಲ್ಲೇ ಉಳಿಯುತ್ತದೆ.

ವಾಪಸ್ ಬಂದ ಮೇಲೆ ಮನೆ ಭೇಟಿಯೂ ನನ್ನ ಪಾಲಿಗೆ ಬಂತು. ಹಳೇ ಬಾಗಲಕೋಟೆಯ ಒಂದು ಮನೆಯಲ್ಲಿ 11 ವರ್ಷದ ಹುಡುಗಿ ಇದ್ದಳು. ಡೌನ್ ಸಿಂಡ್ರೋಮ್. ನಮ್ಮೆಲ್ಲರ ಜೀವಕೋಶದಲ್ಲಿ 21ನೇ ಕ್ರೋಮೋಸೋಮ್ ಎರಡಿದ್ದರೆ ಅವಳಿಗೆ ಮೂರು. ಅದು ಯಾರ ಪಾಪವೂ ಅಲ್ಲ, ಗ್ರಹಣ ನೋಡಿದ್ದಕ್ಕೆ ಬಂದದ್ದೂ ಅಲ್ಲ. ಆದರೆ ಆ ತಾಯಿ 11 ವರ್ಷ ಅದನ್ನೇ ಕೇಳಿಸಿಕೊಂಡಿದ್ದರು. ಮದುವೆ, ಮುಂಜಿ, ಜಾತ್ರೆ ಎಲ್ಲ ಬಿಟ್ಟಿದ್ದರು. ಕಾರಣ ಒಂದೇ. ಹುಡುಗಿಗೆ ಒಂದಕ್ಕೆ, ಎರಡಕ್ಕೆ ಬಂದದ್ದು ಹೇಳಲು ಬರುತ್ತಿರಲಿಲ್ಲ. ಹೊರಗೆ ಹೋದರೆ ಬಟ್ಟೆ ಹಾಳು, ಸುತ್ತಲಿನವರ ಮುಖ ಸಣ್ಣ.

ಮೊದಲ ವಾರ ನಾವು ಏನನ್ನೂ ಕಲಿಸಲಿಲ್ಲ. ಬರೆದೆವು ಅಷ್ಟೇ. ಎಷ್ಟು ಗಂಟೆಗೆ ನೀರು ಕುಡಿದಳು, ಎಷ್ಟು ಗಂಟೆಗೆ ಬಟ್ಟೆ ಒದ್ದೆಯಾಯಿತು. ತಾಯಿಗೆ ಓದು ಬರಹ ಇರಲಿಲ್ಲ. ಗೋಡೆಯ ಮೇಲೆ ಗಡಿಯಾರದ ಚಿತ್ರ ಬರೆದು ಕೊಟ್ಟೆ, ಅವರು ಕುಂಕುಮದ ಬೊಟ್ಟು ಇಡುತ್ತಾ ಹೋದರು. ಏಳು ದಿನದ ಬೊಟ್ಟು ನೋಡಿದರೆ ಲೆಕ್ಕ ಕಣ್ಣಿಗೆ ಕಂಡಿತು. ಕುಡಿದು ಮುಕ್ಕಾಲು ಗಂಟೆಗೆ ಆಗುತ್ತಿತ್ತು. ಹಾಗಾದರೆ ಅರ್ಧ ಗಂಟೆ ಕಳೆದ ಮೇಲೆ ಕರೆದುಕೊಂಡು ಹೋಗಿ ಕೂರಿಸಬೇಕು. ಆಯಿತು ಅಂದರೆ ಚಪ್ಪಾಳೆ, ಆಗದಿದ್ದರೆ ಬೈಗುಳ ಇಲ್ಲ. ಕರೆದುಕೊಂಡು ಹೋಗುವ ಮುಂಚೆ ಪ್ರತಿ ಸಲ ಅವಳ ಕೈಯನ್ನು ಹೊಟ್ಟೆಯ ಮೇಲೆ ಎರಡು ಸಲ ತಟ್ಟಿಸಬೇಕು. ಅದು ಅವಳ ಮಾತು.

ಐದನೇ ತಿಂಗಳಲ್ಲಿ ಅವಳು ತಾನೇ ಬಂದು ಹೊಟ್ಟೆ ತಟ್ಟಿ ತೋರಿಸಿದಳಂತೆ. ತಾಯಿ ನನಗೆ ಫೋನ್ ಮಾಡಿ ಮಾತೇ ಆಡಲಿಲ್ಲ, ಸುಮ್ಮನೆ ಅತ್ತರು.

2020ರ ಜನವರಿಯಲ್ಲಿ ಅವರು ಬಾದಾಮಿ ಬನಶಂಕರಿ ಜಾತ್ರೆಗೆ ಹೋಗಿ ಬಂದರು. ತೇರು ನೋಡಿದ್ದಾಯಿತು, ರಾತ್ರಿ ನಾಟಕ ಕಂಪನಿಯ ಟಿಕೆಟ್ ತೆಗೆದು ಕೂತಿದ್ದಾಯಿತು. ಹುಡುಗಿ ಹಾಸ್ಯ ಪಾತ್ರ ಬಂದಾಗಲೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದಳಂತೆ. ನಡುವೆ ಎರಡು ಸಲ ಹೊಟ್ಟೆ ತಟ್ಟಿ ತೋರಿಸಿದಳಂತೆ. ತಾಯಿ ನನಗೆ ಜಾತ್ರೆಯಿಂದ ಒಂದು ಡಜನ್ ಹಸಿರು ಬಳೆ ತಂದುಕೊಟ್ಟರು. “12 ವರ್ಷ ಆಗಿತ್ರಿ, ಬನಶಂಕರಿ ಮುಖಾ ನೋಡಿ” ಅಂದರು. ಈ ಕೆಲಸದಲ್ಲಿ ನಿನಗೆ ಏನು ಸಿಗುತ್ತದೆ ಅಂತ ಕೇಳುವವರಿಗೆ ನಾನು ಒಮ್ಮೊಮ್ಮೆ ಆ ಬಳೆ ತೋರಿಸುತ್ತೇನೆ. ನಾಲ್ಕು ಒಡೆದಿವೆ, ಎಂಟು ಇವೆ.

ಎಲ್ಲ ದಿನವೂ ಹಾಗಿರುವುದಿಲ್ಲ. ತೋಳಿನ ಮೇಲೆ ಕಚ್ಚಿದ ಗುರುತುಗಳಿವೆ. ಒಂದು ಮಗುವಿಗೆ ಫಿಟ್ಸ್ ಬಂದಾಗ ಹೊರಗಿನವರೊಬ್ಬರು ಓಡಿ ಬಂದು ಕೈಗೆ ಕಬ್ಬಿಣ ಹಿಡಿಸಲು ಹೋದರು, ಅವರನ್ನು ತಳ್ಳಿಯೇ ಕಳಿಸಬೇಕಾಯಿತು. ಏನನ್ನೂ ಹಿಡಿಸಬಾರದು, ಬಾಯಿಗೆ ಏನನ್ನೂ ತುರುಕಬಾರದು, ನೀರು ಹಾಕಬಾರದು. ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಓಡಬೇಕು. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ, ಇದ್ದ ಏಳು ವರ್ಷದ ಕೂಸೊಂದು ಎದೆಯ ಸೋಂಕಿನಿಂದ ತೀರಿಕೊಂಡಿತು. ಅದಕ್ಕೆ ಚೆಲ್ಲದಂತೆ ಕುಡಿಯಲು ನಾವು ಅಂಚು ಕತ್ತರಿಸಿದ ಒಂದು ಲೋಟ ಮಾಡಿಕೊಟ್ಟಿದ್ದೆವು. ಹದಿಮೂರು ದಿನ ಕಳೆದ ಮೇಲೆ ತಂದೆ ಬಂದು ಆ ಲೋಟ ತೊಳೆದು ವಾಪಸ್ ಕೊಟ್ಟು ಹೋದರು. ಅದರ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯಲು ನನ್ನಿಂದ ಆಗುವುದಿಲ್ಲ.

ದುಡ್ಡಿನ ಮಾತನ್ನೂ ಮುಚ್ಚಿಡಬಾರದು. ಗೌರವಧನ ಕಡಿಮೆ, ಅದೂ ಒಮ್ಮೊಮ್ಮೆ ಮೂರು ತಿಂಗಳು ತಡ. ‘ಪುಣ್ಯದ ಕೆಲಸ ಮಾಡಾಕತ್ತಿ, ದೇವರು ನೋಡ್ಕೋತಾನ’ ಅಂತ ಜನ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಮಾತು ನನಗೆ ಒಪ್ಪಿಗೆಯಿಲ್ಲ. ಪುಣ್ಯ ಅಂದ ಕೂಡಲೇ ಆ ಮಗು ಭಿಕ್ಷೆ ತೆಗೆದುಕೊಳ್ಳುವವರ ಸಾಲಿಗೆ ಹೋಗುತ್ತದೆ, ನನ್ನ ಸಂಬಳದ ಪ್ರಶ್ನೆ ದೇವರ ಖಾತೆಗೆ ಹೋಗುತ್ತದೆ. ಇದು ಕಲಿತು ಮಾಡುವ ಕೆಲಸ. ಒಳ್ಳೆಯ ನೇಕಾರನಿಗೆ ಕೂಲಿ ಕೊಡಬೇಕೋ ಬೇಡವೋ ಹಾಗೆ.

ಈಗ ತಮ್ಮನ ವಿಷಯಕ್ಕೆ ಬರುತ್ತೇನೆ. ನಾನು ಓದಿ ಬರುವ ಹೊತ್ತಿಗೆ ಅವನಿಗೆ ಮೀಸೆ ಬಂದಿತ್ತು. ಇಡೀ ಸೆಂಟರಿನಲ್ಲಿ ಅವನಷ್ಟು ವಿಧೇಯ ಹುಡುಗ ಇನ್ನೊಬ್ಬ ಇರಲಿಲ್ಲ. ಕೂರು ಅಂದರೆ ಕೂರುವನು, ಏಳು ಅಂದರೆ ಏಳುವನು. ಬಂದವರೆಲ್ಲ ಹೊಗಳುತ್ತಿದ್ದರು. ನಾವೂ ಅವನನ್ನು ತೋರಿಸಿ ಹೆಮ್ಮೆಪಡುತ್ತಿದ್ದೆವು.

ಟ್ರೇನಿಂಗಿನಲ್ಲಿ ನಮ್ಮ ಮೇಡಂ ಒಬ್ಬರು ಕೇಳಿದ ಪ್ರಶ್ನೆ ನನ್ನ ತಲೆಯಲ್ಲೇ ಉಳಿದಿತ್ತು. ಯಾರು ಏನು ಹೇಳಿದರೂ ಹೂಂ ಅನ್ನುವ ಮಗುವನ್ನು ಕೆಟ್ಟ ಕೈಯಿಂದ ಕಾಪಾಡುವುದು ಹೇಗೆ? ಆ ಪ್ರಶ್ನೆ ಹಿಡಿದುಕೊಂಡು ತಮ್ಮನಿಗೆ ಆರಿಸುವುದನ್ನು ಕಲಿಸಲು ಶುರು ಮಾಡಿದೆ. ಬಲಗೈಯಲ್ಲಿ ಬಾಳೆಹಣ್ಣು, ಎಡಗೈಯಲ್ಲಿ ಚಿಕ್ಕು. ಯಾವುದು ಬೇಕು? ಬಲಗಡೆಯದು ತೆಗೆದುಕೊಂಡ. ಅದಲು ಬದಲು ಮಾಡಿದೆ. ಮತ್ತೆ ಬಲಗಡೆಯದೇ. ವಾರಗಟ್ಟಲೆ ಬಲಗಡೆಯದೇ. ಅವನು ಆರಿಸುತ್ತಿರಲಿಲ್ಲ. ನನ್ನ ಬಲಗೈ ಹೇಳಿದ್ದನ್ನು ಕೇಳುತ್ತಿದ್ದ.

ಒಂದು ದಿನ ಎಡಗೈಯಲ್ಲಿ ಬಾಳೆಹಣ್ಣು, ಬಲಗೈಯಲ್ಲಿ ಹಸಿ ಹಾಗಲಕಾಯಿಯ ಚೂರು ಹಿಡಿದೆ. ಹಾಗಲಕಾಯಿ ಅಂದರೆ ಅವನಿಗೆ ಆಗದು, ಅವನ ತಾಯಿಯೇ ಹೇಳಿದ್ದರು. ಅದನ್ನು ಬಿಟ್ಟು ಬಾಳೆಹಣ್ಣಿಗೆ ಕೈ ಚಾಚುತ್ತಾನೆ ಅಂದುಕೊಂಡಿದ್ದೆ. ಅವನು ಹಾಗಲಕಾಯಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡ. ನಾನು ಕೈ ಅಡ್ಡ ಹಿಡಿಯುವಷ್ಟರಲ್ಲಿ ಅಗಿದು ನುಂಗಿದ್ದ. ಕಣ್ಣಲ್ಲಿ ನೀರು ಬಂದಿತ್ತು. ಆದರೂ ನನ್ನ ಮುಖ ನೋಡಿ ನಕ್ಕ, ಸರಿ ಮಾಡಿದೆನಾ ಅಂತ ಕೇಳುವ ಹಾಗೆ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅವನಿಗೆ ನಾವು ಏನು ಕಲಿಸಿದ್ದೆವು? ಅವನ ನಾಲಿಗೆಯ ರುಚಿಗಿಂತ ನಮ್ಮ ಮುಖದ ಖುಷಿ ದೊಡ್ಡದು ಅಂತ ಕಲಿಸಿದ್ದೆವು. ರೊಟ್ಟಿ ಮುರಿಯಲು ಕಲಿಸಿದ್ದಕ್ಕೆ ಹೆಮ್ಮೆಪಟ್ಟ ನಾನು ಇದನ್ನು ಗಮನಿಸಿಯೇ ಇರಲಿಲ್ಲ.

ಮರುದಿನದಿಂದ ಸೆಂಟರಿನಲ್ಲಿ ನಾವು ದೊಡ್ಡವರೇ ‘ಒಲ್ಲೆ’ ಆಟ ಶುರು ಮಾಡಿದೆವು. ನಮ್ಮ ಕಡೆ ಬೇಡ ಅನ್ನುವುದಕ್ಕಿಂತ ಒಲ್ಲೆ ಅನ್ನುವುದೇ ಜಾಸ್ತಿ. ಬೇಡ ಅಂದರೆ ವಸ್ತು ಬೇಡ. ಒಲ್ಲೆ ಅಂದರೆ ನಾನು ಒಪ್ಪುವುದಿಲ್ಲ. ಒಬ್ಬ ಟೀಚರ್ ಇನ್ನೊಬ್ಬರಿಗೆ ಚಹಾ ಕೊಡುವರು, ಅವರು ಕೈ ಅಡ್ಡ ಮಾಡಿ ‘ಒಲ್ಲೆ’ ಅನ್ನುವರು, ಕೊಟ್ಟವರು ನಗುತ್ತಾ ಕಪ್ ಹಿಂದೆ ತೆಗೆದುಕೊಳ್ಳುವರು. ಒಲ್ಲೆ ಅಂದರೂ ಯಾರೂ ಬೈಯುವುದಿಲ್ಲ ಅಂತ ಮಕ್ಕಳು ಕಣ್ಣಾರೆ ನೋಡಬೇಕಿತ್ತು. ದಿನಕ್ಕೆ ಎಷ್ಟು ಸಲ ಮಾಡಿದೆವೋ. ಸಣ್ಣ ಮಕ್ಕಳು ಬೇಗ ಹಿಡಿದರು. ತಮ್ಮ ಸುಮ್ಮನೆ ನೋಡುತ್ತಿದ್ದ.

ಡಿಸೆಂಬರ್ 3 ವಿಶ್ವ ಅಂಗವಿಕಲರ ದಿನ. 2019ರಲ್ಲೂ ಒಂದು ಕಾರ್ಯಕ್ರಮ ಇತ್ತು. ಪ್ರತಿ ವರ್ಷದ ಹಾಗೆ ನಮ್ಮ ಮಕ್ಕಳದು ಒಂದು ಡ್ಯಾನ್ಸ್, ಮುಂದಿನ ಸಾಲಿನಲ್ಲಿ ತಮ್ಮ. ಬಾಡಿಗೆಗೆ ತಂದ ಮಿಂಚಿನ ಅಂಗಿ. ಜರಿ ಕುತ್ತಿಗೆಗೆ ಚುಚ್ಚುವಂಥದ್ದು. ಹೊರಗೆ ಸ್ಪೀಕರ್ ಗದ್ದಲ. ಅಂಗಿ ತೊಡಿಸಲು ನಾನು ಅವನ ಕೈ ಎತ್ತಿದೆ.

“ಒಲ್ಲೆ.”

ಸಣ್ಣ ದನಿ. ನನಗೆ ಕೇಳಿಸಲಿಲ್ಲ ಅಂತ ಅಲ್ಲ. ಹೊರಗೆ ಹೆಸರು ಕೂಗುತ್ತಿದ್ದರು, ಅವಸರ ಇತ್ತು. ನಾನು ಮತ್ತೆ ಅವನ ಕೈ ಎಳೆದೆ. ಇಷ್ಟು ತಿಂಗಳು ಕಲಿಸಿದ ನಾನೇ ಎಳೆದೆ.

ಅವನು ಕೈಯನ್ನು ಎದೆಗೆ ಒತ್ತಿಕೊಂಡ. “ಒಲ್ಲೆ ಟೀಚರ್” ಅಂದ. ಈ ಸಲ ಜೋರಾಗಿ. ನನ್ನ ಮುಖ ನೋಡುತ್ತಿದ್ದ, ಆದರೆ ನಗಲಿಲ್ಲ.

ನಾನು ನೆಲದ ಮೇಲೆ ಕೂತುಬಿಟ್ಟೆ. ಅಂಗಿ ಮಡಚಿ ಪಕ್ಕಕ್ಕಿಟ್ಟೆ. “ಆತಪ್ಪ. ಒಲ್ಲೆ ಅಂದ್ರ ಒಲ್ಲೆ” ಅಂದೆ. ಮುಂದಿನ ಸಾಲಿನಲ್ಲಿ ಒಂದು ಜಾಗ ಖಾಲಿ ಇಟ್ಟುಕೊಂಡೇ ಡ್ಯಾನ್ಸ್ ನಡೆಯಿತು. ಸಂಘಟಕರು ಸ್ವಲ್ಪ ಮುಖ ಗಂಟು ಹಾಕಿದರು. ಹಿರಿಯ ಟೀಚರ್ ಮಾತ್ರ ಏನೂ ಕೇಳಲಿಲ್ಲ. ಸಂಜೆ ತಮ್ಮನ ರಿಜಿಸ್ಟರ್ ತೆಗೆದು, ಪುಟದ ಕೆಳಗೆ ಖಾಲಿ ಇದ್ದ ಜಾಗದಲ್ಲಿ ತಾವೇ ಹೊಸ ಸಾಲು ಬರೆದರು. ‘ತನಗೆ ಬೇಡವಾದುದನ್ನು ಬೇಡ ಎನ್ನುತ್ತಾನೆ.’ ಅದರ ಮುಂದೆ ಒಂದು ಪ್ಲಸ್.

ವಾರ ಕಳೆಯುವುದರಲ್ಲಿ ತಾಯಿಯ ದೂರು ಬಂತು. “ಏನ್ ಕಲಿಸೀರ್ರಿ ಟೀಚರ್, ಈಗ ಜಳಕಕ್ಕೂ ಒಲ್ಲೆ ಅಂತಾನ!” ಅದೂ ನಿಜವೇ. ಜಳಕ, ಗುಳಿಗೆ ಇವು ಬಿಡುವಂಥವಲ್ಲ. ಹಾಗಾಗಿ ಜಳಕ ಬೇಕೋ ಬೇಡವೋ ಅಂತ ಕೇಳಬೇಡಿ, ಮೊದಲು ಜಳಕವೋ ಮೊದಲು ಚಹಾವೋ ಅಂತ ಕೇಳಿ ಅಂದೆ. ಅವನು ಚಹಾ ಆರಿಸಿದ. ಆಮೇಲೆ ಜಳಕಕ್ಕೆ ತಾನೇ ಹೋದ.

ಅವನಿಗೆ ಆಗ 18 ತುಂಬಿತ್ತು. ಬಹಳ ತಂದೆ ತಾಯಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಮಕ್ಕಳಿಗೆ 18 ಆದ ಮೇಲೆ ಕಾನೂನಿನ ಕಣ್ಣಲ್ಲಿ ತಂದೆ ತಾಯಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ನೇತೃತ್ವದ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಪೋಷಕತ್ವದ ಪತ್ರ ಪಡೆಯಬೇಕು. ಅದೇ ಟ್ರಸ್ಟಿನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದ್ದರೆ ಪಿಂಚಣಿ, ಬಸ್ ಪಾಸ್ ಎಲ್ಲಕ್ಕೂ ದಾರಿ. ತಮ್ಮನ ಕಾರ್ಡಿಗಾಗಿ ನಾನೂ ಅವನ ತಾಯಿಯೂ ಐದು ಸಲ ಅಲೆದೆವು. ಒಂದು ಕಚೇರಿಯಲ್ಲಿ ಅವನ ಎದುರಿಗೇ “ಇದಕ್ಕ ಮಾತು ಬರ್ತೈತೇನು?” ಅಂತ ಕೇಳಿದರು. ಇದಕ್ಕೆ! ತಾಯಿ ನೆಟ್ಟಗೆ ನಿಂತು, “ಅವನಿಗೆ ಬರ್ತೈತ್ರಿ, ಅವನನ್ನೇ ಕೇಳ್ರಿ” ಅಂದರು. ಬೇವಿನ ಮರದ ಕೆಳಗೆ ತಲೆ ತಗ್ಗಿಸಿ ಕೂರುತ್ತಿದ್ದ ಅದೇ ತಾಯಿ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು. ಸೆಂಟರ್ ಮುಚ್ಚಿತು. ತಮ್ಮ ದಿನಾ ಬೆಳಗ್ಗೆ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದ. ನಮ್ಮ ಮನೆಯಿಂದ ಅವನ ಮನೆ ಎರಡು ಓಣಿ ದೂರ. ಅಟ್ಟದ ಮೇಲೆ ಅಪ್ಪನ ನೂಲು ಸುತ್ತುವ ರಾಟಿ ಇತ್ತು. ದೂಳು ಒರೆಸಿ, ಎಣ್ಣೆ ಬಿಟ್ಟು, ಅದನ್ನು ಹೊತ್ತುಕೊಂಡು ಹೋದೆ.

ಕಂಡಿಕಿ ಅಂದರೆ ಮಗ್ಗದ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಕೊಳವೆ. ಅದನ್ನು ಸುತ್ತುವುದನ್ನು ನಾನು ಆರು ವರ್ಷದವಳಿದ್ದಾಗಿನಿಂದ ಮಾಡಿದ್ದೇನೆ. ಆದರೆ ಅದರಲ್ಲಿ ಎಷ್ಟು ಹೆಜ್ಜೆ ಇದೆ ಅಂತ ಒಮ್ಮೆಯೂ ಎಣಿಸಿರಲಿಲ್ಲ. ಈಗ ಕೂತು ಎಣಿಸಿದೆ, ಒಂಬತ್ತು. ಖಾಲಿ ಕಂಡಿಕಿ ಕದರಿಗೆ ಸಿಕ್ಕಿಸುವುದು, ನೂಲಿನ ತುದಿ ಸುತ್ತುವುದು, ಎಡಗೈಯ ಎರಡು ಬೆರಳಲ್ಲಿ ನೂಲು ಹಿಡಿಯುವುದು, ಬಲಗೈಯಿಂದ ರಾಟಿ ತಿರುಗಿಸುವುದು, ನೂಲನ್ನು ಅತ್ತ ಇತ್ತ ಸರಿಸುತ್ತಾ ಸಮ ಸುತ್ತುವುದು, ತುಂಬಿದ್ದು ನೋಡಿ ನಿಲ್ಲಿಸುವುದು, ಹೀಗೆ. ಕೊನೆಯದರಿಂದ ಶುರು ಮಾಡಿದೆ. ಮೊದಲ ಹದಿನೈದು ದಿನ ಅವನ ಕೆಲಸ ಇಷ್ಟೇ: ತುಂಬಿದ ಕಂಡಿಕಿ ಬಿಚ್ಚಿ ಬುಟ್ಟಿಗೆ ಹಾಕುವುದು. ಯಾವಾಗ ತುಂಬಿತು ಅಂತ ತಿಳಿಯಲು ಪಕ್ಕದಲ್ಲಿ ಒಂದು ತುಂಬಿದ ಕಂಡಿಕಿ ಇಟ್ಟೆ. ಅವನು ಪ್ರತಿ ಸಲ ಎರಡನ್ನೂ ಪಕ್ಕ ಪಕ್ಕ ಹಿಡಿದು ನೋಡುವನು. ನೂಲು ಹರಿದರೆ ಗಂಟು ಹಾಕಲು ಅವನಿಗೆ ಬರುವುದಿಲ್ಲ, ಈಗಲೂ ಬರುವುದಿಲ್ಲ. ಹರಿದರೆ ಕೈ ಎತ್ತುತ್ತಾನೆ, ತಾಯಿ ಬಂದು ಗಂಟು ಹಾಕುತ್ತಾರೆ. ಅಪ್ಪ ಒಮ್ಮೆ ಬಂದು ಅವನು ಸುತ್ತಿದ ಕಂಡಿಕಿಯನ್ನು ಬೆರಳಲ್ಲಿ ತಿರುಗಿಸಿ ನೋಡಿದರು. “ನಿನಕಿಂತ ಸಮ ಸುತ್ತತಾನ” ಅಂದರು ನನಗೆ. ಅಪ್ಪ ಸುಮ್ಮಸುಮ್ಮನೆ ಹೊಗಳುವವರಲ್ಲ.

ಮರುವರ್ಷ ನಮ್ಮ ಓಣಿಯಲ್ಲಿ ಇನ್ನೂ ಖಣ ನೇಯುತ್ತಿರುವ ಒಬ್ಬ ನೇಕಾರರು ಅವನಿಗೆ ಕೆಲಸ ಕೊಟ್ಟರು. ಕರುಣೆಯಿಂದ ಕೊಡುವುದಾದರೆ ಬೇಡ ಅಂತ ನಾನು ಮೊದಲೇ ಹೇಳಿದ್ದೆ. “ಕಂಡಿಕಿ ಎಣಿಸಿ ರೊಕ್ಕಾ ಕೊಡ್ತೀನಿ” ಅಂದರು. ಮೊದಲ ವಾರದ ಕೂಲಿ 140 ರೂಪಾಯಿ. ತಾಯಿ ಆ ನೋಟುಗಳನ್ನು ದೇವರ ಮುಂದಿಟ್ಟು ನಮಸ್ಕಾರ ಮಾಡಿ, ಅದರಲ್ಲಿ 40 ರೂಪಾಯಿ ಅವನ ಜೇಬಿಗೆ ಹಾಕಿದರು. ಏನು ಬೇಕು ಅಂತ ಕೇಳಿದೆ. ಬಲಗಡೆ ನೋಡಲಿಲ್ಲ, ಎಡಗಡೆ ನೋಡಲಿಲ್ಲ. “ಗಿರ್ಮಿಟ್” ಅಂದ.

ಮೂವರೂ ಗಾಡಿ ಅಂಗಡಿಗೆ ಹೋದೆವು. ದುಡ್ಡನ್ನು ಅವನೇ ಕೊಟ್ಟ. ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ. ಬೆಂಚಿನ ಮೇಲೆ ಕೂತು ತಿನ್ನಲು ಶುರು ಮಾಡಿದ. ತಾಯಿಗೆ ನಾಚಿಕೆಯಾಯಿತು. “ಟೀಚರಿಗೆ ಒಂದು ಮಿರ್ಚಿ ಕೊಡೋ” ಅಂದರು.

“ಒಲ್ಲೆ” ಅಂದ.

ತಾಯಿ ಬೈಯಲು ಬಾಯಿ ತೆರೆದರು, ನಾನು ಅವರ ಕೈ ಹಿಡಿದೆ. ತಮ್ಮ ಒಂದೊಂದೇ ತುತ್ತು ಎತ್ತಿ, ಚೆಲ್ಲದೆ, ನಿಧಾನಕ್ಕೆ ತಿಂದ. ಮಿರ್ಚಿಯ ತೊಟ್ಟು ಮುರಿದು ಪಕ್ಕಕ್ಕಿಟ್ಟ. ಪ್ಲೇಟಿಗೆ ಅಂಟಿದ್ದ ಈರುಳ್ಳಿಯನ್ನೂ ಬಿಡಲಿಲ್ಲ. ಆಮೇಲೆ ಪ್ಯಾಂಟಿನ ಜೇಬಿಗೆ ಕೈ ಹಾಕಿ ಮಡಚಿದ ಕರ್ಚೀಫ್ ತೆಗೆದು ಬಾಯಿ ಒರೆಸಿಕೊಂಡ.